ತಳ ಕೆರೆದ ಗ್ರೇವಿ: ಮೊದಲ ಥ್ಯಾಂಕ್ಸ್‌ಗಿವಿಂಗ್ ಊಟಕ್ಕೆ ಹೊರಟವರಿಗೆ

ನವೆಂಬರ್ ಎರಡನೆಯ ವಾರ ಬಂತೆಂದರೆ ಊರಿನಿಂದ ಅಮೆರಿಕಕ್ಕೆ ಹೊಸದಾಗಿ ಬಂದವರಿಂದ ನನಗೆ ಒಂದೇ ಬಗೆಯ ಫೋನ್ ಬರುತ್ತದೆ. ಕಚೇರಿಯ ಸಹೋದ್ಯೋಗಿಯೊಬ್ಬರು ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟಕ್ಕೆ ಕರೆದಿದ್ದಾರೆ, ಏನು ತರಲಿ ಎಂದು ಕೇಳಿದ್ದಕ್ಕೆ ಗ್ರೇವಿ ತಂದರೆ ಸಾಕು ಎಂದಿದ್ದಾರೆ. ಫೋನ್ ಮಾಡಿದವರ ದನಿಯಲ್ಲಿ ನಿರಾಳ. ಗ್ರೇವಿ ತಾನೇ, ಈರುಳ್ಳಿ, ಟೊಮೆಟೊ, ಗೋಡಂಬಿ ರುಬ್ಬಿ ಎಣ್ಣೆ ಬಿಡುವ ತನಕ ಹುರಿದರೆ ಆಯಿತಲ್ಲ? ಅಲ್ಲಿಗೇ ಅವರನ್ನು ತಡೆಯುತ್ತೇನೆ.

ನಮ್ಮ ಹೋಟೆಲುಗಳಲ್ಲಿ ಗ್ರೇವಿ ಎಂದರೆ ಮಸಾಲೆ. ಇಲ್ಲಿ ಗ್ರೇವಿ ಎಂದರೆ ಮಾಂಸ ಓವನ್ನಿನಲ್ಲಿ ಬೇಯುವಾಗ ತಟ್ಟೆಗೆ ಇಳಿದ ರಸ ಮತ್ತು ಜಿಡ್ಡು, ಅದನ್ನು ಹಿಟ್ಟು ಹಾಕಿ ಮಂದ ಮಾಡಿದ್ದು. ಉಪ್ಪು, ಕರಿಮೆಣಸು, ಮನಸ್ಸಾದರೆ ಒಂದೆರಡು ಎಸಳು ಥೈಮ್ ಎಂಬ ಸೊಪ್ಪು. ಅಷ್ಟೇ. (ಇಟಾಲಿಯನ್ ಮೂಲದ ಕೆಲವು ಮನೆಗಳಲ್ಲಿ ಟೊಮೆಟೊ ಸಾಸ್‌ಗೂ ಗ್ರೇವಿ ಎನ್ನುತ್ತಾರೆ, ಆ ಗೊಂದಲವನ್ನು ಇನ್ನೊಂದು ವರ್ಷಕ್ಕೆ ಇಟ್ಟುಕೊಳ್ಳಿ.) ಊಟದ ಮೇಜಿನ ಮೇಲೆ ಅದರ ಕೆಲಸ ನಮ್ಮ ಸಾರಿನದೇ. ಅನ್ನದ ನಡುವೆ ಗುಳಿ ಮಾಡಿ ಸಾರು ಬಿಡಿಸಿಕೊಳ್ಳುವ ಹಾಗೆ ಇವರು ಹಿಸುಕಿದ ಆಲೂಗಡ್ಡೆಯ ನಡುವೆ ಗುಳಿ ಮಾಡಿ ಗ್ರೇವಿ ಬಿಟ್ಟುಕೊಳ್ಳುತ್ತಾರೆ. ಈ ಹಬ್ಬದ ಮುಖ್ಯ ಅಡುಗೆಯಾದ ಟರ್ಕಿ ಕೋಳಿಯ ಎದೆಯ ಮಾಂಸ ಸ್ವಭಾವತಃ ಒಣ. ಗ್ರೇವಿ ಇಲ್ಲದಿದ್ದರೆ ಅದು ಗಂಟಲಿನಲ್ಲಿ ಇಳಿಯುವುದು ಕಷ್ಟ.

ನಾನು ಮಂಡ್ಯ ಕಡೆಯವನು. ಮಿನ್ನೆಸೋಟಕ್ಕೆ ಬಂದು ಇಪ್ಪತ್ತು ವರ್ಷ ದಾಟಿದೆ. ಟರ್ಕಿ ಸಾಕಣೆಯಲ್ಲಿ ಅಮೆರಿಕದಲ್ಲೇ ಮುಂಚೂಣಿಯಲ್ಲಿರುವ ರಾಜ್ಯ ಇದು. ಮೊದಲ ಸಲ ಗ್ರೇವಿ ಮಾಡಿದಾಗ, ಇಷ್ಟು ಸಪ್ಪೆ ತಿನ್ನುವುದು ಹೇಗಪ್ಪ ಎಂದು ಒಂದು ಚಮಚ ಗರಂ ಮಸಾಲೆ ಸೇರಿಸಿಬಿಟ್ಟೆ. ಪಕ್ಕದ ಮನೆಯ ಅಜ್ಜಿ ಒಂದು ತುತ್ತು ಬಾಯಿಗಿಟ್ಟು, ನಕ್ಕು, "ಡಿಫರೆಂಟ್" ಎಂದರು. ಹೊಗಳಿಕೆ ಎಂದುಕೊಂಡು ಇನ್ನೊಂದು ಸೌಟು ಬಡಿಸಲು ಹೋದೆ. ತಟ್ಟೆಗೆ ಕೈ ಅಡ್ಡ ಹಿಡಿದರು. ಮಿನ್ನೆಸೋಟದವರ ಬಾಯಲ್ಲಿ ಆ ಮಾತು ಬಂದರೆ "ಚೆನ್ನಾಗಿಲ್ಲ, ಆದರೆ ನಿಮ್ಮ ಮನಸ್ಸು ನೋಯಿಸಲಾರೆ" ಎಂದರ್ಥ ಎಂದು ತಿಳಿಯಲು ನನಗೆ ಎರಡು ವರ್ಷ ಹಿಡಿಯಿತು. ಆದ್ದರಿಂದ ಮೊದಲ ವರ್ಷ ಮಸಾಲೆ ಡಬ್ಬ ಮುಟ್ಟಬೇಡಿ. ಮಸಾಲೆ ಬೀಳದ ಈ ಅಡುಗೆಯಲ್ಲಿ ರುಚಿ ಬರುವುದು ಪಾತ್ರೆಯ ತಳದಿಂದ. ಅದನ್ನು ಹಿಡಿಯುವುದು ಹೇಗೆ ಎಂಬುದನ್ನೇ ಇಲ್ಲಿ ಹೇಳಹೊರಟಿದ್ದೇನೆ.

ಮೊದಲು ಅಂಗಡಿಯ ಮಾತು. ಥ್ಯಾಂಕ್ಸ್‌ಗಿವಿಂಗ್ ಬರುವುದು ನವೆಂಬರಿನ ನಾಲ್ಕನೆಯ ಗುರುವಾರ. 1941ರಲ್ಲಿ ಕಾನೂನು ಮಾಡಿ ಹಾಗೆ ಗೊತ್ತುಪಡಿಸಿದರು. ಅಂದು ಎಷ್ಟೋ ಅಂಗಡಿಗಳು ತೆರೆಯುವುದೇ ಇಲ್ಲ, ತೆರೆದವು ಬೇಗ ಮುಚ್ಚುತ್ತವೆ. ಮಂಗಳವಾರದೊಳಗೆ ಸಾಮಾನು ತಂದಿಟ್ಟುಕೊಳ್ಳಿ. ಊರಿನಲ್ಲಿ ನಾವು ಕಾರ್ನ್‌ಫ್ಲೋರ್ ಎನ್ನುತ್ತಿದ್ದ ಬಿಳಿಯ ನಯವಾದ ಪುಡಿಗೆ ಇಲ್ಲಿ ಕಾರ್ನ್‌ಸ್ಟಾರ್ಚ್ ಎಂದು ಹೆಸರು. ಕಾರ್ನ್‌ಫ್ಲೋರ್ ಎಂದೇ ಕೇಳಿದರೆ ಮೆಕ್ಕೆಜೋಳದ ಹಿಟ್ಟು ಸಿಗುತ್ತದೆ, ಗ್ರೇವಿ ಹೋಗಿ ಗಂಜಿಯಾಗುತ್ತದೆ. ಮೈದಾ ಬದಲಿಗೆ ಆಲ್ ಪರ್ಪಸ್ ಹಿಟ್ಟು ಕೊಳ್ಳಿ. ಇಲ್ಲಿಯ ಒಂದು ಕಪ್ ಎಂದರೆ ಸುಮಾರು 240 ಮಿಲಿಲೀಟರ್, ದೊಡ್ಡ ಚಮಚ ಎಂದರೆ 15 ಮಿಲಿಲೀಟರ್. ತಲೆಗೆ ಅರ್ಧ ಕಪ್ ಗ್ರೇವಿ ಎಂದು ಲೆಕ್ಕ ಹಾಕಿ. ಸಾಲದೆ ಬಂದರೆ ಮುಜುಗರ. ಮಿಕ್ಕರೆ ಯಾರೂ ಬೈಯುವುದಿಲ್ಲ.

ಟರ್ಕಿಯನ್ನು ನೀವೇ ಬೇಯಿಸುವುದಾದರೆ ಎರಡು ಮೂರು ಮಾತು ಸಾಕು. ಮಂಜುಗಡ್ಡೆಯಾದ ಹಕ್ಕಿ ಫ್ರಿಜ್ಜಿನಲ್ಲಿ ಕರಗಲು ನಾಲ್ಕೈದು ಪೌಂಡಿಗೆ ಒಂದು ಇಡೀ ದಿನ ಬೇಕು. ಹದಿನೈದು ಪೌಂಡಿನದಾದರೆ ಭಾನುವಾರವೇ ಕೆಳಗಿಳಿಸಿ. ಅರಿಶಿನ ಹಚ್ಚಿ ತೊಳೆಯುವ ನಮ್ಮ ರೂಢಿಯನ್ನು ಇಲ್ಲಿ ಬಿಡಿ. ತೊಳೆದರೆ ರೋಗಾಣು ಸಿಂಕಿನ ಸುತ್ತಲೂ ಸಿಡಿಯುತ್ತದೆ ಎಂದು ಇಲ್ಲಿಯ ಕೃಷಿ ಇಲಾಖೆಯೇ ಹೇಳುತ್ತದೆ. ತೊಡೆಯ ದಪ್ಪ ಭಾಗದಲ್ಲಿ, ಮೂಳೆಗೆ ತಾಗದಂತೆ ಥರ್ಮಾಮೀಟರ್ ಚುಚ್ಚಿದಾಗ 165 ಡಿಗ್ರಿ ಫ್ಯಾರನ್‌ಹೀಟ್ ತೋರಿಸಬೇಕು. ನಮ್ಮ ಲೆಕ್ಕದಲ್ಲಿ 74 ಡಿಗ್ರಿ ಸೆಲ್ಸಿಯಸ್.

ಹಕ್ಕಿಯ ಹೊಟ್ಟೆಯೊಳಗೆ ಕೈ ಹಾಕಿದರೆ ಒಂದು ಕಾಗದದ ಪೊಟ್ಟಣ ಸಿಗುತ್ತದೆ. ಕೆಲವು ಸಲ ಕತ್ತಿನ ಕಡೆ ಇರುತ್ತದೆ. ಅದನ್ನು ನೋಡದೆ ಪೊಟ್ಟಣದ ಸಮೇತ ಬೇಯಿಸಿದವರು ನಮ್ಮಲ್ಲಿ ಇಬ್ಬರಿದ್ದಾರೆ, ಅವರ ಹೆಸರು ಹೇಳುವುದಿಲ್ಲ. ಒಳಗಿರುವುದು ಕತ್ತು, ಗುಂಡಿಗೆ, ಗಿಜರ್ಡ್ ಎಂಬ ಗಟ್ಟಿ ತುಂಡು ಮತ್ತು ಲಿವರ್. ಇಲ್ಲಿಯ ಎಷ್ಟೋ ಜನ ಮುಖ ಸಿಂಡರಿಸಿ ಎಸೆಯುತ್ತಾರೆ. ಬೋಟಿ ಗೊಜ್ಜು ತಿಂದು ಬೆಳೆದ ನಮಗೆ ಆ ಬಿಗುಮಾನ ಬೇಡ. ಲಿವರ್ ಒಂದನ್ನು ಬದಿಗಿಡಿ, ಹೊತ್ತುಗಟ್ಟಲೆ ಕುದಿಸಿದರೆ ನೀರು ಕಹಿಯಾಗುತ್ತದೆ. ಉಳಿದದ್ದನ್ನು ಈರುಳ್ಳಿ, ಕ್ಯಾರೆಟ್, ಸೆಲರಿ ದಂಟು, ಪಲಾವ್ ಎಲೆ, ಹತ್ತು ಕಾಳು ಮೆಣಸಿನ ಜೊತೆ ಎರಡು ಲೀಟರ್ ನೀರಿನಲ್ಲಿ ಸಣ್ಣ ಉರಿಯಲ್ಲಿ ಎರಡು ಗಂಟೆ ಬಿಡಿ. ಕುಕ್ಕರ್ ಇಟ್ಟರೂ ಅಡ್ಡಿಯಿಲ್ಲ, ಕಾಲು ಸೂಪು ಮಾಡಿದ ಕುಕ್ಕರಿಗೆ ಇದೇನು ಹೊಸದಲ್ಲ. ಉಪ್ಪು ಮಾತ್ರ ಈಗ ಹಾಕಬೇಡಿ.

ಹಕ್ಕಿ ಬೇರೆಯವರ ಮನೆಯಲ್ಲಿ ಬೇಯುತ್ತಿದ್ದು ಗ್ರೇವಿ ಮಾತ್ರ ನಿಮ್ಮ ಪಾಲಿಗೆ ಬಂದಿದ್ದರೆ, ಮೂರು ಪೌಂಡ್ ಟರ್ಕಿ ರೆಕ್ಕೆ ತನ್ನಿ. 400 ಡಿಗ್ರಿ ಫ್ಯಾರನ್‌ಹೀಟ್ ಓವನ್ನಿನಲ್ಲಿ ಒಂದು ಗಂಟೆಗೂ ಸ್ವಲ್ಪ ಹೆಚ್ಚು ಹೊತ್ತು, ಚರ್ಮ ಕಂದು ಬಣ್ಣಕ್ಕೆ ತಿರುಗುವ ತನಕ ಬಿಡಿ. ಆಮೇಲೆ ಅದನ್ನೇ ತರಕಾರಿ ಜೊತೆ ಹತ್ತು ಕಪ್ ನೀರಿನಲ್ಲಿ ಎರಡು ಮೂರು ಗಂಟೆ ಕುದಿಸಿ ಸೋಸಿ. ಇದನ್ನು ವಾರದ ಮೊದಲೇ ಮಾಡಿ ಫ್ರೀಜರಿನಲ್ಲಿಡಬಹುದು. ಗ್ರೇವಿ ಒಯ್ದ ಮೇಲೆ ಮನೆಯವರ ತಟ್ಟೆಯ ರಸವನ್ನು ಎರಡು ಸೌಟು ಬೆರೆಸಿದರೆ ಸಾಕು, ಅಲ್ಲೇ ಮಾಡಿದಂತಿರುತ್ತದೆ.

ಈಗ ತಳದ ವಿಷಯಕ್ಕೆ ಬರೋಣ. ಹಕ್ಕಿಯನ್ನು ಎತ್ತಿ ಬದಿಗಿಟ್ಟ ಮೇಲೆ ತಟ್ಟೆಯನ್ನು ನೋಡಿ. ಮೇಲೆ ಹೊಂಬಣ್ಣದ ಜಿಡ್ಡು, ಕೆಳಗೆ ಕಂದು ರಸ, ತಳಕ್ಕೆ ಅಂಟಿದ ಕಪ್ಪುಗೆಂಪು ಪದರ. ಹೊಸಬರು ಆ ಪದರವನ್ನು ನೋಡಿ ತಳ ಹತ್ತಿತಲ್ಲ ಎಂದು ಗಾಬರಿಯಾಗಿ ಸಿಂಕಿಗೆ ಹಾಕಿ ನೆನೆಯಲು ಬಿಡುತ್ತಾರೆ. ಅಯ್ಯೋ ಎನ್ನಿಸುತ್ತದೆ, ಏಕೆಂದರೆ ಹಬ್ಬದ ರುಚಿಯೆಲ್ಲ ಅಲ್ಲೇ ಅಂಟಿ ಕೂತಿರುತ್ತದೆ. ಕೆಂಪಗೆ ಹುರಿದದ್ದು ಬೇರೆ, ಸೀದದ್ದು ಬೇರೆ. ಚಮಚದ ತುದಿಯಲ್ಲಿ ಸ್ವಲ್ಪ ಕೆರೆದು ನಾಲಿಗೆಗಿಡಿ. ಉಪ್ಪುಪ್ಪಾಗಿ ಸಿಹಿಯಂಚಿನ ರುಚಿ ಬಂದರೆ ಅದು ಬಂಗಾರ. ಇದ್ದಿಲಿನ ಕಹಿ ಬಂದರೆ ಅಷ್ಟು ಭಾಗ ಬಿಟ್ಟುಬಿಡಿ, ಒಂದು ಚೂರು ಸೀದದ್ದು ಇಡೀ ಪಾತ್ರೆಯನ್ನು ಕೆಡಿಸುತ್ತದೆ. ಸೀಯದಿರಲಿ ಎಂದು ನಾನು ಹಕ್ಕಿಯ ಕೆಳಗೆ ದಪ್ಪ ಈರುಳ್ಳಿ ಹೋಳು ಹರಡುತ್ತೇನೆ, ತಳ ಒಣಗಿತು ಅನ್ನಿಸಿದಾಗ ಒಂದು ಕಪ್ ನೀರು ಬಿಡುತ್ತೇನೆ.

ರಸವನ್ನೆಲ್ಲ ಎತ್ತರದ ಜಗ್ಗಿಗೆ ಬಗ್ಗಿಸಿ ಹತ್ತು ನಿಮಿಷ ಬಿಟ್ಟರೆ ಜಿಡ್ಡು ಮೇಲಕ್ಕೆ ಬರುತ್ತದೆ. ಅದನ್ನು ಸೌಟಿನಲ್ಲಿ ತೆಗೆದು ಬೇರೆ ಇಟ್ಟುಕೊಳ್ಳಿ. ಖಾಲಿಯಾದ ತಟ್ಟೆಯನ್ನು ಒಲೆಯ ಮೇಲಿಟ್ಟು ಒಂದು ಕಪ್ ಬಿಸಿ ಸ್ಟಾಕ್ (ಆಗಲೇ ಕುದಿಸಿ ಸೋಸಿಟ್ಟ ನೀರು) ಬಿಟ್ಟು ಮರದ ಸೌಟಿನಿಂದ ಮೂಲೆ ಮೂಲೆ ಕೆರೆಯಿರಿ. ಚೊಂಯ್ ಎಂದು ಆವಿಯೆದ್ದು ತಳವೆಲ್ಲ ಕರಗಿ ಬರುತ್ತದೆ. ಆ ವಾಸನೆಗೆ ಮಕ್ಕಳು ಮಹಡಿಯಿಂದ ಇಳಿದು ಬರುತ್ತಾರೆ.

ಒಂದು ಎಚ್ಚರಿಕೆ. ಈ ಸಮಯಕ್ಕೆ ಅಂಗಡಿಯಲ್ಲಿ ಬಿಸಾಡುವಂಥ ತೆಳು ಅಲ್ಯೂಮಿನಿಯಂ ತಟ್ಟೆ ಅಗ್ಗಕ್ಕೆ ಸಿಗುತ್ತದೆ. ನಾನೂ ಒಂದು ವರ್ಷ ಅದರಲ್ಲೇ ಬೇಯಿಸಿ, ಬುದ್ಧಿವಂತನಂತೆ ಅದನ್ನು ಎರಡು ಒಲೆಗಳ ಮೇಲೆ ಅಡ್ಡ ಇಟ್ಟೆ. ಸೌಟು ತಾಗಿದ್ದೇ ತಡ ತಳ ಹರಿದು, ಜಿಡ್ಡು ಬೆಂಕಿಗೆ ಬಿದ್ದು, ಹೊಗೆಯ ಅಲಾರಾಂ ಕೂಗಿ, ಹೊರಗೆ ಹಿಮ ಬೀಳುತ್ತಿರುವಾಗ ಮನೆಯ ಕಿಟಕಿಗಳೆಲ್ಲ ತೆರೆದವು. ನೆಂಟರು ಕೋಟು ಹಾಕಿಕೊಂಡೇ ಊಟ ಮಾಡಿದರು. ಅಂಥ ತಟ್ಟೆಯೇ ಇದ್ದರೆ ಒಲೆಗೆ ಇಡಬೇಡಿ. ಕುದಿಯುವ ಸ್ಟಾಕನ್ನು ಅದರೊಳಗೆ ಸುರಿದು, ಕೆಳಗೆ ಗಟ್ಟಿ ಟ್ರೇ ಇಟ್ಟು, ಮರದ ಸೌಟಿನಿಂದ ಮೆಲ್ಲಗೆ ಉಜ್ಜಿ ಬಿಡಿಸಿಕೊಳ್ಳಿ.

ಇನ್ನು ಮಂದ ಮಾಡುವುದು. ಎಲ್ಲರೂ ಸೋಲುವುದು ಇಲ್ಲೇ, ಆದರೆ ಹಳೇ ಮೈಸೂರಿನವರು ಸೋಲಬಾರದು. ರಾಗಿ ಅಂಬಲಿ ಕಾಯಿಸುವಾಗ ಅಮ್ಮ ಒಣ ಹಿಟ್ಟನ್ನು ಕುದಿಯುವ ನೀರಿಗೆ ಎಂದಾದರೂ ಸುರಿದಿದ್ದಾರೆಯೇ? ತಣ್ಣೀರಿನಲ್ಲಿ ಕದಡಿ ಆಮೇಲೆ ಬಿಡುತ್ತಿದ್ದರು. ಒಣ ಹಿಟ್ಟು ಬಿಸಿ ನೀರಿಗೆ ಬಿದ್ದರೆ ಹೊರಗಿನ ಪದರ ತಕ್ಷಣ ಉಬ್ಬಿ ಅಂಟಾಗಿ, ಒಳಗಿನ ಹಿಟ್ಟನ್ನು ಒಣಗಿದ್ದಂತೆಯೇ ಕಟ್ಟಿಹಾಕುತ್ತದೆ. ಅದೇ ಗಂಟು. ಕಾರ್ನ್‌ಸ್ಟಾರ್ಚ್ ಬಳಸಿದರೆ ಅಂಬಲಿಯ ದಾರಿಯನ್ನೇ ಹಿಡಿಯಿರಿ: ಒಂದು ಕಪ್ ರಸಕ್ಕೆ ಒಂದು ದೊಡ್ಡ ಚಮಚ, ತಣ್ಣೀರಿನಲ್ಲಿ ಕದಡಿ, ಕುದಿಯುವ ರಸಕ್ಕೆ ಕೈಯಾಡಿಸುತ್ತಾ ಬಿಡಿ. ಗೋಧಿ ಒಗ್ಗದ ಅತಿಥಿ ಇದ್ದರೆ ಇದೇ ಸರಿ.

ನನಗೆ ಹಿಡಿಸಿದ್ದು ಮೈದಾದ ದಾರಿ. ನಾಲ್ಕು ಕಪ್ ರಸಕ್ಕೆ ಆರು ದೊಡ್ಡ ಚಮಚ ಜಿಡ್ಡು, ಆರು ದೊಡ್ಡ ಚಮಚ ಹಿಟ್ಟು. ಜಿಡ್ಡು ಸಾಲದಿದ್ದರೆ ಬೆಣ್ಣೆ ಸೇರಿಸಿ. ಸಣ್ಣ ಉರಿಯಲ್ಲಿ ನಾಲ್ಕೈದು ನಿಮಿಷ ಹುರಿಯುವಾಗ ಹಿಟ್ಟಿನ ಕಣಕಣಕ್ಕೂ ಜಿಡ್ಡು ಸವರುತ್ತದೆ, ಹಾಗಾಗಿ ಒಂದಕ್ಕೊಂದು ಅಂಟುವುದಿಲ್ಲ. ಮೊದಲು ಹಸಿ ಹಿಟ್ಟಿನ ವಾಸನೆ, ಆಮೇಲೆ ಬೇಕರಿಯ ಮುಂದೆ ಹಾದುಹೋಗುವಾಗ ಬರುವ ಬಿಸ್ಕತ್ತಿನ ಪರಿಮಳ. ಆಗ ಬಿಸಿ ಸ್ಟಾಕನ್ನು ಒಂದು ಸೌಟು ಬಿಡಿ, ತಂತಿಯ ಕಡೆಗೋಲಿನಿಂದ ತಿರುವಿ. ಅದು ಮುದ್ದೆಯಂತೆ ಬಿಗಿದುಕೊಳ್ಳುತ್ತದೆ, ಹೆದರಬೇಡಿ. ಇನ್ನೊಂದು ಸೌಟು, ಮತ್ತೊಂದು. ಎಲ್ಲ ಮುಗಿದ ಮೇಲೆ ತಳ ಕೆರೆದ ರಸ ಸೇರಿಸಿ ಹತ್ತು ನಿಮಿಷ ಸಣ್ಣಗೆ ಕುದಿಸಿ. ಸೌಟಿನ ಬೆನ್ನಿಗೆ ಹತ್ತಿದ ಗ್ರೇವಿಯ ಮೇಲೆ ಬೆರಳಿನಿಂದ ಗೆರೆ ಎಳೆದರೆ ಗೆರೆ ನಿಲ್ಲಬೇಕು. ಬೇಕಾದ್ದಕ್ಕಿಂತ ಸ್ವಲ್ಪ ತೆಳ್ಳಗಿರುವಾಗಲೇ ಇಳಿಸಿ, ಆರುತ್ತಾ ಮಂದವಾಗುತ್ತದೆ. ಇಷ್ಟಾಗಿಯೂ ಗಂಟಾದರೆ ಜರಡಿಯಲ್ಲಿ ಸೋಸಿ. ಯಾರಿಗೂ ಗೊತ್ತಾಗುವುದಿಲ್ಲ. ಬಿಸಿ ಗ್ರೇವಿಯನ್ನು ಮಿಕ್ಸಿಗೆ ತುಂಬಿ ಮುಚ್ಚಳ ಬಿಗಿದು ತಿರುಗಿಸುವ ಸಾಹಸ ಮಾತ್ರ ಬೇಡ, ಆವಿಗೆ ಮುಚ್ಚಳ ಹಾರುತ್ತದೆ.

ಉಪ್ಪು ಕಟ್ಟಕಡೆಗೆ. ಇಲ್ಲಿ ಎಷ್ಟೋ ಟರ್ಕಿಗಳಿಗೆ ಕಾರ್ಖಾನೆಯಲ್ಲೇ ಉಪ್ಪುನೀರು ಚುಚ್ಚಿರುತ್ತಾರೆ, ಹೊದಿಕೆಯ ಮೇಲೆ ಸಣ್ಣಕ್ಷರದಲ್ಲಿ ಬರೆದಿರುತ್ತದೆ. ಆ ರಸಕ್ಕೆ ಡಬ್ಬಿ ಸ್ಟಾಕ್ ಬೇರೆ ಸೇರಿದರೆ ಸಮುದ್ರವೇ. ಆಲೂಗಡ್ಡೆ ಹಾಕಿದರೆ ಉಪ್ಪು ಹೀರುತ್ತದೆ ಎಂದು ನಂಬಿ ಕೂರಬೇಡಿ. ಉಪ್ಪಿಲ್ಲದ ಸ್ಟಾಕ್ ಸೇರಿಸಿ, ತೆಳುವಾದರೆ ಕಾರ್ನ್‌ಸ್ಟಾರ್ಚ್ ಕದಡಿ ಬಿಡಿ. ಕೊನೆಗೆ ನಾಲ್ಕು ಹನಿ ನಿಂಬೆರಸ ಬಿದ್ದರೆ ರುಚಿ ಏಳುತ್ತದೆ. ಇದು ನನ್ನ ಕೈಚಳಕ. ಯಾರೂ "ಡಿಫರೆಂಟ್" ಎಂದಿಲ್ಲ.

ಸಸ್ಯಾಹಾರಿಗಳು ಫೋನ್ ಇಡಬೇಡಿ, ನಿಮಗೂ ಇದೇ ದಾರಿ. ಅರ್ಧ ಪೌಂಡ್ ಕಂದು ಅಣಬೆಯನ್ನು ಬೆಣ್ಣೆಯಲ್ಲಿ ಹುರಿಯಿರಿ. ಮೊದಲು ನೀರು ಬಿಡುತ್ತದೆ, ನೀರು ಇಂಗಿದ ಮೇಲೂ ಕಲಕದೆ ಬಿಟ್ಟರೆ ತಳಕ್ಕೆ ಹತ್ತಿ ಕೆಂಪಾಗುತ್ತದೆ. ಆ ತಳವನ್ನೇ ತರಕಾರಿ ಸ್ಟಾಕ್‌ನಿಂದ ಕೆರೆದು, ಒಂದು ಚಮಚ ಸೋಯಾ ಸಾಸ್ ಸೇರಿಸಿ, ಬೆಣ್ಣೆಯಲ್ಲಿ ಹುರಿದ ಹಿಟ್ಟಿನಿಂದ ಮಂದ ಮಾಡಿ. ವೂಸ್ಟರ್‌ಶೈರ್ ಸಾಸ್ ಹಾಕಬೇಡಿ, ಸಾಮಾನ್ಯವಾಗಿ ಅದರಲ್ಲಿ ಮೀನು ಇರುತ್ತದೆ. ಮಾತು ಬಂತೆಂದು ಹೇಳುತ್ತೇನೆ: ಮೇಜಿನ ಮೇಲೆ ಮುಗ್ಧವಾಗಿ ಕಾಣುವ ಬ್ರೆಡ್ ಸ್ಟಫಿಂಗ್‌ಗೆ ಕೋಳಿಯ ಸ್ಟಾಕ್ ಬಿದ್ದಿರಬಹುದು, ಗೆಣಸಿನ ಮೇಲಿನ ಬಿಳಿ ಮಾರ್ಷ್‌ಮೆಲೋದಲ್ಲಿ ಸಾಮಾನ್ಯವಾಗಿ ಪ್ರಾಣಿಜನ್ಯ ಜೆಲಟಿನ್ ಇರುತ್ತದೆ, ಪೈ ಹೊದಿಕೆಯಲ್ಲಿ ಹಂದಿಯ ಕೊಬ್ಬಿರಬಹುದು. ಕರೆದವರನ್ನು ಮೊದಲೇ ಕೇಳಿ, ಬೇಸರಿಸಿಕೊಳ್ಳುವುದಿಲ್ಲ. ನಿಮ್ಮ ಅಣಬೆ ಗ್ರೇವಿಗೆ ಚೀಟಿ ಅಂಟಿಸಿ, ಸೌಟನ್ನೂ ನೀವೇ ಒಯ್ಯಿರಿ. ಒಂದೇ ಸೌಟು ಎರಡು ಪಾತ್ರೆಗೆ ಓಡಾಡುವುದನ್ನು ಯಾರೂ ಗಮನಿಸುವುದಿಲ್ಲ.

ಒಯ್ಯುವುದಕ್ಕೆ ಊರಿನಿಂದ ತಂದ ಸ್ಟೀಲ್ ಫ್ಲಾಸ್ಕಿಗಿಂತ ಒಳ್ಳೆಯದಿಲ್ಲ. ಕುದಿಯುವ ನೀರು ತುಂಬಿ ಐದು ನಿಮಿಷ ಬಿಟ್ಟು ಚೆಲ್ಲಿ, ಕುದಿಯುತ್ತಿರುವ ಗ್ರೇವಿ ಸುರಿದು ಮುಚ್ಚಿ. ಎರಡು ಗಂಟೆಯ ದಾರಿಗೂ ಆವಿಯಾಡುತ್ತದೆ. ಮೇಜಿಗೆ ಇಟ್ಟ ಮೇಲೆ ಎರಡು ಗಂಟೆಯೊಳಗೆ ಮಿಕ್ಕಿದ್ದನ್ನು ಫ್ರಿಜ್ಜಿಗೆ ಸೇರಿಸಿ, ಮೂರು ನಾಲ್ಕು ದಿನದಲ್ಲಿ ಮುಗಿಸಿ. ಬಿಸಿ ಮಾಡುವಾಗ ಚೆನ್ನಾಗಿ ಕುದಿಯಬೇಕು. ಮಿಕ್ಕ ಜಿಡ್ಡನ್ನು ಸಿಂಕಿಗೆ ಸುರಿಯಬೇಡಿ. ಕೊಳವೆಯೊಳಗೆ ಹೆಪ್ಪುಗಟ್ಟಿದರೆ ಹಬ್ಬದ ಮರುದಿನ ಪ್ಲಂಬರ್ ಕೇಳುವ ದುಡ್ಡಿಗೆ ಇನ್ನೆರಡು ಟರ್ಕಿ ಬರುತ್ತವೆ. ಖಾಲಿ ಡಬ್ಬಿಗೆ ತುಂಬಿ, ಗಟ್ಟಿಯಾದ ಮೇಲೆ ಕಸಕ್ಕೆ ಹಾಕಿ.

ಮೂಳೆಯನ್ನು ಮಾತ್ರ ಮನೆಯವರನ್ನು ಕೇಳಿ ತನ್ನಿ, ಸಂತೋಷವಾಗಿ ಕೊಡುತ್ತಾರೆ. ಶುಕ್ರವಾರ ಊರೆಲ್ಲ ರಿಯಾಯಿತಿ ಮಾರಾಟಕ್ಕೆಂದು ಅಂಗಡಿಗಳ ಮುಂದೆ ಸಾಲು ನಿಂತಿರುವಾಗ ನಾನು ಆ ಮೂಳೆಯನ್ನು ಕುದಿಸಿ, ಹುರಿದ ಧನಿಯ, ಮೆಣಸು, ಬೆಳ್ಳುಳ್ಳಿ, ತೆಂಗಿನಕಾಯಿ ರುಬ್ಬಿ ಹಾಕಿ ಸಾರು ಮಾಡುತ್ತೇನೆ. ಮಿಕ್ಕ ಗ್ರೇವಿಯೂ ಅದಕ್ಕೇ ಬೀಳುತ್ತದೆ. ಬಿಸಿ ಮುದ್ದೆ, ಪಕ್ಕದಲ್ಲಿ ಹಸಿ ಈರುಳ್ಳಿ. ಗರಂ ಮಸಾಲೆ ಡಬ್ಬವನ್ನು ಆ ದಿನ ಧಾರಾಳವಾಗಿ ತೆರೆಯಬಹುದು.