ಅಂಕೋರ್‌ಗೆ ಮನೆಮಂದಿಯೆಲ್ಲ ಹೊರಟಿದ್ದೀರಾ? ದಿನಕ್ಕೆ ಎರಡೇ ಗುಡಿ ಸಾಕು

ಅಂಕೋರ್ ವಾಟ್‌ನ ಒಳ ಅಂಗಳದಲ್ಲಿ ಹೋದ ಸಲ ಒಂದು ಕುಟುಂಬ ನೋಡಿದೆ. ಮಧ್ಯಾಹ್ನ ಹನ್ನೆರಡೂವರೆ. ಅಜ್ಜಿ ಕಂಬಕ್ಕೆ ಒರಗಿ ಕೂತು ಸೆರಗಿನಲ್ಲೇ ಗಾಳಿ ಹಾಕಿಕೊಳ್ಳುತ್ತಿದ್ದರು. ಮಗು ನೆಲದ ಮೇಲೆ ಮಲಗಿಬಿಟ್ಟಿತ್ತು. ಅಪ್ಪ ಮಾತ್ರ ಮೊಬೈಲ್‌ನಲ್ಲಿ ಪಟ್ಟಿ ನೋಡುತ್ತಾ 'ಇನ್ನೂ ಐದು ಬಾಕಿ ಇದೆ, ಏಳಿ ಏಳಿ' ಅನ್ನುತ್ತಿದ್ದರು. ನಗು ಬಂತು. ಆದರೆ ನಗುವ ಹಕ್ಕು ನನಗಿಲ್ಲ, ಮೊದಲ ಸಲ ಹೋದಾಗ ನಾನೂ ಒಂದೇ ದಿನದಲ್ಲಿ ಏಳು ಗುಡಿ ಸುತ್ತಿಸಿ ಮನೆಯವರ ಬಾಯಲ್ಲಿ ಬೈಸಿಕೊಂಡವಳು. ರಾತ್ರಿ ಹೋಟೆಲಿನಲ್ಲಿ ಫೋಟೊ ತೆಗೆದು ನೋಡಿದರೆ ಯಾವುದು ಯಾವ ಗುಡಿ ಅಂತ ನನಗೇ ಗೊತ್ತಾಗಲಿಲ್ಲ.

ಕಾಂಬೋಡಿಯಾದ ಸಿಯೆಮ್ ರೀಪ್ ಊರಿನ ಸುತ್ತ ಇರುವ ಈ ಗುಡಿಗಳನ್ನು ಮಕ್ಕಳು, ವಯಸ್ಸಾದವರನ್ನು ಕಟ್ಟಿಕೊಂಡು ನೋಡುವುದು ಕಷ್ಟವೇನಲ್ಲ. ಹೊತ್ತು ಗೊತ್ತು ನೋಡಿ ಹೊರಡಬೇಕು, ಅಷ್ಟೇ.

ಮೊದಲು: ಯಾವಾಗ, ಹೇಗೆ

ಡಿಸೆಂಬರ್, ಜನವರಿ. ಬೇರೆ ಮಾತೇ ಇಲ್ಲ. ಬೇಸಿಗೆ ರಜೆ ಇದೆಯಲ್ಲಾ ಅಂತ ಏಪ್ರಿಲ್‌ನಲ್ಲಿ ಹೋಗಬೇಡಿ, ಅಲ್ಲಿ ಅದೇ ಅತಿ ಬಿಸಿಲಿನ ತಿಂಗಳು. ಸಾಲದ್ದಕ್ಕೆ ಏಪ್ರಿಲ್ ಮಧ್ಯದಲ್ಲಿ ಅವರ ಹೊಸವರ್ಷ, ದೇಶಕ್ಕೆ ದೇಶವೇ ಅಲ್ಲಿಗೆ ಬಂದಿರುತ್ತದೆ. ದಸರಾ ಹೊತ್ತಿಗೆ ಮಳೆ.

ಬ್ಯಾಂಕಾಕ್‌ಗೆ ಹೋಗಿ ಅಲ್ಲಿಂದ ಬಸ್ಸಿನಲ್ಲಿ ಗಡಿ ದಾಟಿ ಅನ್ನುವ ಹಳೆಯ ಸಲಹೆಗಳು ಇನ್ನೂ ಓಡಾಡುತ್ತಿವೆ. 2025ರಲ್ಲಿ ಎರಡೂ ದೇಶಗಳ ನಡುವೆ ಗಡಿ ಜಗಳವಾಗಿ ರಸ್ತೆ ದಾರಿ ಮುಚ್ಚಿತು. ಅದನ್ನು ನಂಬಿಕೊಂಡು ಹೋಟೆಲ್ ಬುಕ್ ಮಾಡಬೇಡಿ, ವಿಮಾನದಲ್ಲೇ ಹೋಗಿ. ಹೊಸ ವಿಮಾನ ನಿಲ್ದಾಣ 2023ರಲ್ಲಿ ಶುರುವಾಗಿದೆ, ಊರಿಂದ 40 ಕಿಲೋಮೀಟರ್‌ಗೂ ದೂರ. ಹಾಗಾಗಿ ರಾತ್ರಿ ಇಳಿಯುವವರು ಹೋಟೆಲಿನವರಿಗೇ ಹೇಳಿ ಗಾಡಿ ತರಿಸಿಕೊಳ್ಳಿ.

ವೀಸಾ

ಸರ್ಕಾರಿ ಜಾಲತಾಣದಲ್ಲಿ ಇ-ವೀಸಾ ಸಿಗುತ್ತದೆ, ಮಕ್ಕಳಿಗೂ ಬೇಕು. ಅದಲ್ಲದೆ ಈಗ ಇ-ಅರೈವಲ್ ಅಂತ ಒಂದು ಫಾರ್ಮ್ ಇದೆ. ಇಳಿಯುವುದಕ್ಕೆ ಮುಂಚಿನ ಏಳು ದಿನದೊಳಗೆ ತುಂಬಬೇಕು, ಪೂರ್ತಿ ಪುಕ್ಕಟೆ. ಪುಕ್ಕಟೆ ಅಂತ ಒತ್ತಿ ಹೇಳುವುದಕ್ಕೆ ಕಾರಣ ಇದೆ: ನನ್ನ ತಮ್ಮ ಸರ್ಕಾರದ್ದೇ ಅನ್ನುವಂತೆ ಕಾಣುವ ಒಂದು ನಕಲಿ ಜಾಲತಾಣದಲ್ಲಿ ನಾಲ್ಕು ಜನರ ಫಾರ್ಮಿಗೆ ದುಡ್ಡು ಕಟ್ಟಿ ಕೂತಿದ್ದ. ಅಸಲಿ ವಿಳಾಸ 'ಗವ್ ಡಾಟ್ ಕೆಎಚ್' ಅಂತ ಮುಗಿಯುತ್ತದೆ. ಗೂಗಲ್‌ನಲ್ಲಿ ಮೊದಲು ಬಂದದ್ದನ್ನು ಸುಮ್ನೆ ಒತ್ತಬೇಡಿ.

ದುಡ್ಡು

ಅಮೆರಿಕನ್ ಡಾಲರ್ ಎಲ್ಲ ಕಡೆ ನಡೆಯುತ್ತದೆ. ಒಂದು ಡಾಲರ್‌ಗೆ ಸುಮಾರು 4,000 ರಿಯಲ್, ಡಾಲರ್‌ಗಿಂತ ಕಡಿಮೆಯ ಚಿಲ್ಲರೆಯನ್ನು ರಿಯಲ್‌ನಲ್ಲೇ ಕೊಡುತ್ತಾರೆ. ನೋಟು ಮಾತ್ರ ಗರಿಗರಿಯಾಗಿರಬೇಕು. ಕೂದಲೆಳೆಯಷ್ಟು ಹರಿದಿದ್ದರೂ, ಪೆನ್ನಿನ ಗೀಟು ಇದ್ದರೂ ಅಂಗಡಿಯವರು ಬೆಳಕಿಗೆ ಹಿಡಿದು ನೋಡಿ ತಲೆ ಅಲ್ಲಾಡಿಸಿ ವಾಪಸ್ ಕೊಡುತ್ತಾರೆ. ಹಾಗಾಗಿ ಊರಲ್ಲಿ ಡಾಲರ್ ಕೊಳ್ಳುವಾಗಲೇ ಒಂದೊಂದು ನೋಟನ್ನೂ ತಿರುಗಿಸಿ ನೋಡಿ, ಆಮೇಲೆ ಕೌಂಟರ್ ಬಿಡಿ. 1 ಮತ್ತು 5 ಡಾಲರ್ ನೋಟು ಜಾಸ್ತಿ ಇರಲಿ.

ಪಾಸ್

ಒಂದು ದಿನಕ್ಕೆ 37 ಡಾಲರ್, ಮೂರು ದಿನಕ್ಕೆ 62, ಏಳು ದಿನಕ್ಕೆ 72. ಕಣ್ಣು ಮುಚ್ಚಿ ಮೂರು ದಿನದ್ದು ತಗೊಳ್ಳಿ. ಮೂರೂ ದಿನ ಒಂದರ ಹಿಂದೆ ಒಂದು ಹೋಗಬೇಕೆಂದಿಲ್ಲ, 10 ದಿನದೊಳಗೆ ಯಾವ ಮೂರು ದಿನವಾದರೂ ಸರಿ. ಈ ಒಂದು ಸಂಗತಿ ಗೊತ್ತಿಲ್ಲದೆಯೇ ಜನ ಅಷ್ಟು ಓಡಾಡಿ ಸುಸ್ತಾಗುವುದು. ಮಧ್ಯೆ ಒಂದು ದಿನ ಈಜುಕೊಳದಲ್ಲಿ ಮಕ್ಕಳನ್ನು ಬಿಟ್ಟು ನೀವು ಮಲಗಿ, ಪಾಸ್ ಎಲ್ಲಿಗೂ ಹೋಗುವುದಿಲ್ಲ.

12 ವರ್ಷ ತುಂಬದ ಮಕ್ಕಳಿಗೆ ಟಿಕೆಟ್ ಇಲ್ಲ, ಆದರೆ ವಯಸ್ಸಿಗೆ ಸಾಕ್ಷಿಯಾಗಿ ಪಾಸ್‌ಪೋರ್ಟ್ ಕೇಳುತ್ತಾರೆ. ಉದ್ದ ಬೆಳೆದ ಹತ್ತು ವರ್ಷದ ಹುಡುಗರಿದ್ದರೆ ಖಂಡಿತ ಕೇಳುತ್ತಾರೆ. ಪಾಸಿನ ಮೇಲೆ ನಿಮ್ಮ ಮುಖದ ಫೋಟೊ ಇರುತ್ತದೆ, ಒಬ್ಬರದ್ದು ಇನ್ನೊಬ್ಬರಿಗೆ ನಡೆಯುವುದಿಲ್ಲ. ದಾರಿಯಲ್ಲಿ ಯಾರಾದರೂ ಕಡಿಮೆಗೆ ಕೊಡ್ತೀನಿ ಅಂದರೆ ಕೈ ಮುಗಿದು ಮುಂದೆ ಹೋಗಿ.

ದಿನದ ಲೆಕ್ಕ

ಬೆಳಗ್ಗೆ 6ಕ್ಕೆ ಹೊರಡಿ, 10:30ಕ್ಕೆ ವಾಪಸ್. ಊಟ, ನಿದ್ದೆ. ಬೇಕಿದ್ದರೆ 3:30ಕ್ಕೆ ಇನ್ನೊಂದು ಗುಡಿ. ಅಷ್ಟೇ ದಿನದ ಕೆಲಸ. ಟುಕ್‌ಟುಕ್ ಸಾಕು, ಎ.ಸಿ. ಕಾರು ಬೇಡ. ಹೊರಗಿನ ಕಾವಿಗೆ ಪ್ರತಿ ಗುಡಿಯಲ್ಲೂ ಹೊಸದಾಗಿ ಇಳಿಯುವುದು ಹಿಂಸೆ, ಟುಕ್‌ಟುಕ್‌ನಲ್ಲಿ ಮರದ ನೆರಳಲ್ಲಿ ಗಾಳಿ ಹೊಡೆಯುತ್ತಾ ಹೋಗುವುದೇ ಮಕ್ಕಳಿಗೆ ಅರ್ಧ ಪ್ರವಾಸ.

ಈಗ ಎಲ್ಲರೂ ಎಡವುವ ಜಾಗ: ಅಂಕೋರ್ ವಾಟ್ ಒಳಗೆ

ಸೂರ್ಯೋದಯ ನೋಡಲೇಬೇಕು ಅಂತ ಎಲ್ಲರೂ ಹೇಳುತ್ತಾರೆ. ನಾನು ಬೇಡ ಅನ್ನುತ್ತೇನೆ. ಮಕ್ಕಳನ್ನು ನಾಲ್ಕು ಗಂಟೆಗೆ ಎಬ್ಬಿಸಿ, ಕತ್ತಲಲ್ಲಿ ಎಡವಿಕೊಂಡು ಹೋಗಿ, ಕೊಳದ ದಂಡೆಯಲ್ಲಿ ನೂರಾರು ಮೊಬೈಲ್‌ಗಳ ಹಿಂದೆ ನಿಂತರೆ ಕಾಣುವುದು ಮುಂದಿನವರ ಕೈ. ಆಮೇಲೆ ಆ ಮಕ್ಕಳು ಇಡೀ ದಿನ ಸಿಡಿಸಿಡಿ. ಸೂರ್ಯ ಹುಟ್ಟಿದ ಮೇಲೆ ಆ ಗುಂಪಿನಲ್ಲಿ ಬಹಳ ಜನ ತಿಂಡಿಗೆ ಅಂತ ಹೊರಡುತ್ತಾರೆ. ನೀವು ಆರೂವರೆಗೆ ಅವರ ಎದುರು ಒಳಗೆ ನಡೆಯಿರಿ.

ಗುಡಿ ಪಶ್ಚಿಮಕ್ಕೆ ಮುಖ ಮಾಡಿದೆ. 12ನೇ ಶತಮಾನದಲ್ಲಿ ಎರಡನೇ ಸೂರ್ಯವರ್ಮ ವಿಷ್ಣುವಿಗೆ ಕಟ್ಟಿಸಿದ್ದು. 190 ಮೀಟರ್ ಅಗಲದ ಕಂದಕ ದಾಟಿದರೆ ಹೊರಬಾಗಿಲು. ಅಲ್ಲಿ ಬಲಕ್ಕೆ ತಿರುಗಿದರೆ ಎಂಟು ಕೈಯ ದೊಡ್ಡ ವಿಷ್ಣು ಇದ್ದಾನೆ, ಊರ ಜನ ಈಗಲೂ ಊದುಬತ್ತಿ ಹಚ್ಚುತ್ತಾರೆ. ಹೆಚ್ಚಿನವರು ನೇರ ನಡೆದು ಅವನನ್ನು ತಪ್ಪಿಸಿಕೊಳ್ಳುತ್ತಾರೆ. ಅಲ್ಲಿಂದ ಮುಂದೆ ಉದ್ದದ ಕಲ್ಲುಹಾಸು, ನೆರಳೇ ಇಲ್ಲ. ಬೆಳಗ್ಗೆ ಐದು ನಿಮಿಷದ ದಾರಿ ಮಧ್ಯಾಹ್ನ ಮುಗಿಯುವುದೇ ಇಲ್ಲ.

ಒಳಗೆ ಹೋದವರೇ ಮೊದಲು ಬಾಕನ್ ಕಡೆ ಹೋಗಿ. ಬಾಕನ್ ಅಂದರೆ ಗುಡಿಯ ತುತ್ತತುದಿಯ ಅಂತಸ್ತು. ಬೆಳಗ್ಗೆ 6:40ಕ್ಕೆ ತೆರೆಯುತ್ತದೆ, ಮೇಲೆ ಒಮ್ಮೆಗೆ 100 ಜನಕ್ಕಷ್ಟೇ ಜಾಗ, 9 ಗಂಟೆಯ ಹೊತ್ತಿಗೆ ಸಾಲು ಬಿಸಿಲಲ್ಲಿ ಸುತ್ತಿಕೊಂಡಿರುತ್ತದೆ. ಇಲ್ಲಿ ಮೂರು ಸಂಗತಿ ಗೊತ್ತಿರಬೇಕು. 12 ವರ್ಷದೊಳಗಿನ ಮಕ್ಕಳನ್ನು ಮೇಲೆ ಬಿಡುವುದೇ ಇಲ್ಲ. ಮುಕ್ಕಾಲು ಗಂಟೆ ಸಾಲಲ್ಲಿ ನಿಂತು, ತುದಿಗೆ ಬಂದಾಗ ಈ ಮಾತು ಕೇಳಿ, ಮಗಳ ಕಣ್ಣಲ್ಲಿ ನೀರು ನೋಡಿದವಳು ನಾನು. ಎರಡನೆಯದು, ಭುಜ ಮತ್ತು ಮಂಡಿ ಮುಚ್ಚಿರಬೇಕು. ತೋಳಿಲ್ಲದ ಬಟ್ಟೆಯ ಮೇಲೆ ವೇಲ್ ಹೊದ್ದರೆ ಸಾಲದು, ತೋಳಿರುವ ಅಂಗಿಯೇ ಬೇಕು. ಮೂರನೆಯದು ಯಾರೂ ಹೇಳದ್ದು: ಬೌದ್ಧರ ಶೀಲದ ದಿನಗಳಲ್ಲಿ ಬಾಕನ್ ಮುಚ್ಚಿರುತ್ತದೆ. ಅದು ಚಂದ್ರನ ಲೆಕ್ಕ. ಮನೆಯ ಕ್ಯಾಲೆಂಡರ್ ತೆಗೆದು ಹುಣ್ಣಿಮೆ, ಅಮಾವಾಸ್ಯೆ, ಎರಡು ಅಷ್ಟಮಿ ನೋಡಿಕೊಳ್ಳಿ, ಆ ದಿನ ಮತ್ತು ಅದರ ಆಚೆ ಈಚೆ ಬಿಟ್ಟು ಹೋಗಿ. ಪಂಚಾಂಗ ಇಷ್ಟು ಉಪಯೋಗಕ್ಕೆ ಬರುತ್ತೆ ಅಂತ ನಾನೂ ಅಂದುಕೊಂಡಿರಲಿಲ್ಲ.

ಮೆಟ್ಟಿಲು ಬಹಳ ಕಡಿದು. ಹಳೇ ಕಲ್ಲಿನ ಮೆಟ್ಟಿಲ ಮೇಲೆ ಮರದ ಮೆಟ್ಟಿಲು, ಕಂಬಿ ಹಾಕಿದ್ದಾರೆ ನಿಜ, ಆದರೂ ಇಳಿಯುವಾಗ ಮಂಡಿ ನೋವಿನವರಿಗೆ ಸಾಕುಸಾಕಾಗುತ್ತದೆ. ಅತ್ತೆ, ಮಾವ, ಅಮ್ಮ ಯಾರೇ ಇರಲಿ, 'ಇಷ್ಟು ದೂರ ಬಂದು ಹತ್ತದಿದ್ದರೆ ಹೇಗೆ' ಅಂತ ಒತ್ತಾಯ ಮಾಡಬೇಡಿ. ಗಂಡ ಹೆಂಡತಿ ಸರದಿಯಲ್ಲಿ ಹತ್ತಿ. ಒಬ್ಬರು ಮೇಲಿದ್ದಾಗ ಇನ್ನೊಬ್ಬರು ಮಕ್ಕಳು, ಹಿರಿಯರ ಜೊತೆ ಸಾವಿರ ಬುದ್ಧರ ಮಂಟಪದಲ್ಲಿ ಕೂತಿರಿ, ನೆರಳು, ತಂಪು. ಎಲ್ಲಿ ಸೇರಬೇಕು ಅಂತ ಬೆರಳು ಮಾಡಿ ತೋರಿಸಿಯೇ ಹತ್ತಿ, ನಾಲ್ಕೂ ದಿಕ್ಕು ಒಂದೇ ಥರ ಕಾಣುತ್ತದೆ.

ಎಂಟರ ಹೊತ್ತಿಗೆ ಪಶ್ಚಿಮದ ಹೊರಸಾಲಿಗೆ ವಾಪಸ್ ಬನ್ನಿ. ಗುಡಿಯ ಸುತ್ತಲೂ ಗೋಡೆ ತುಂಬ ಕೆತ್ತನೆ, ನಿಜವಾದ ಅಂಕೋರ್ ವಾಟ್ ಇದೇ. ಗೋಪುರದ ಫೋಟೊ ಹೊಡೆದು ಇದನ್ನು ನೋಡದೆ ಹೋಗುವವರನ್ನು ಕಂಡರೆ ಹೊಟ್ಟೆ ಉರಿಯುತ್ತದೆ. ನಾವು ಅಭ್ಯಾಸ ಬಲದಿಂದ ಪ್ರದಕ್ಷಿಣೆ ಹಾಕಲು ಹೊರಡುತ್ತೇವೆ, ಅಲ್ವಾ? ಇಲ್ಲಿ ಉಲ್ಟಾ. ಕೆತ್ತನೆ ಜೋಡಿಸಿರುವುದೇ ಅಪ್ರದಕ್ಷಿಣೆಯಲ್ಲಿ ನೋಡಲು, ಗೋಡೆ ಸದಾ ನಿಮ್ಮ ಎಡಗೈಗೆ ಇರಬೇಕು.

ಒಂದು ಸಣ್ಣ ಅಪವಾದ. ಒಳಗೆ ಬರುವಾಗಿನ ಎಡಭಾಗದಲ್ಲಿ ಲಂಕೆಯ ಯುದ್ಧ ಇದೆ. ಮೊದಲು ಅದನ್ನು ನೋಡಿಕೊಂಡು ಬನ್ನಿ. ರಾಮ ಹನುಮಂತನ ಹೆಗಲ ಮೇಲೆ ನಿಂತು ಬಾಣ ಬಿಡುತ್ತಿದ್ದಾನೆ, ಇಪ್ಪತ್ತು ತೋಳಿನ ರಾವಣ ರಥದಲ್ಲಿದ್ದಾನೆ, ನಡುವೆ ಕಪಿಗಳು ರಾಕ್ಷಸರನ್ನು ಕಚ್ಚುತ್ತಿವೆ. ಮಕ್ಕಳಿಗೆ ಗೈಡ್ ಬೇಡ, ಅಜ್ಜಿ ಸಾಕು. ನಮ್ಮಮ್ಮ ಅಲ್ಲಿ ಕತೆ ಹೇಳಲು ಶುರು ಮಾಡಿದ್ದಕ್ಕೆ ಪಕ್ಕದಲ್ಲಿದ್ದ ಗೈಡ್ ಒಬ್ಬ ತನ್ನ ಗುಂಪು ಬಿಟ್ಟು ಇವರ ಕೈಸನ್ನೆ ನೋಡುತ್ತಾ ನಿಂತಿದ್ದ.

ಆಮೇಲೆ ಬಲಭಾಗ, ಕುರುಕ್ಷೇತ್ರ. ಎರಡೂ ಕಡೆಯಿಂದ ಸೇನೆ ನುಗ್ಗಿ ನಡುವೆ ಡಿಕ್ಕಿ ಹೊಡೆಯುತ್ತದೆ. ಭೀಷ್ಮ ಬಾಣಗಳ ಮೇಲೆ ಮಲಗಿರುವುದನ್ನು ಹುಡುಕಿ ಅಂತ ಮಕ್ಕಳಿಗೆ ಹೇಳಿ, ಹತ್ತು ನಿಮಿಷ ನಿಮಗೆ ಬಿಡುವು. ಮೂಲೆ ತಿರುಗಿದರೆ ದಕ್ಷಿಣದ ಸಾಲು: ಸೂರ್ಯವರ್ಮನ ಮೆರವಣಿಗೆ, ಅದರ ಮುಂದೆ ಸ್ವರ್ಗ ನರಕ. ಕೋಣದ ಮೇಲೆ ಯಮ ಕೂತಿದ್ದಾನೆ, ಚಿತ್ರಗುಪ್ತನೂ ಇದ್ದಾನೆ, ಕೆಳಗಿನ ಸಾಲಿನಲ್ಲಿ ಪಾಪಿಗಳಿಗೆ ಮಾಡುವ ಗತಿ ನೋಡಿದರೆ ಹುಡುಗರು ಅಲ್ಲಿಂದ ಕದಲುವುದಿಲ್ಲ.

ಮತ್ತೊಂದು ಮೂಲೆ ತಿರುಗಿದರೆ ಪೂರ್ವ. ಇಲ್ಲಿಗೆ ಬೆಳಗ್ಗೆಯೇ ಬರಬೇಕು ಅಂದದ್ದು ಇದಕ್ಕೇ: ಸಮುದ್ರ ಮಥನ, ಸುಮಾರು 49 ಮೀಟರ್ ಉದ್ದ, ಮೇಲೆ ಓರೆಯಾಗಿ ಬೀಳುವ ಎಳೆಬಿಸಿಲು. ಎಡಕ್ಕೆ ಅಸುರರು, ಬಲಕ್ಕೆ ದೇವತೆಗಳು, ನಡುವೆ ವಿಷ್ಣು, ಅವನ ಕೆಳಗೆ ಕೂರ್ಮ. ಹತ್ತಿರ ಹೋಗಿ ನೀರಿನ ಪಟ್ಟಿ ನೋಡಿ. ಬದಿಯಲ್ಲಿ ಮೀನು, ಮೊಸಳೆ ಎಲ್ಲ ಸಾಲಾಗಿ ಈಜುತ್ತಿವೆ, ಮಂದರ ಪರ್ವತದ ಹತ್ತಿರ ಬಂದಂತೆ ಕಡೆತದ ರಭಸಕ್ಕೆ ಅರ್ಧಕ್ಕೆ ತುಂಡಾಗಿವೆ. ಮೀನಿನ ತಲೆ ಒಂದು ಕಡೆ, ಬಾಲ ಒಂದು ಕಡೆ. ಬಲತುದಿಯಲ್ಲಿ ವಾಸುಕಿಯ ಬಾಲ ಹಿಡಿದು ಒಂದು ದೊಡ್ಡ ಕಪಿ ಎಳೆಯುತ್ತಿದೆ. 'ಮಥನದಲ್ಲಿ ಹನುಮಂತ ಎಲ್ಲಿ ಬಂದ?' ಅಂತ ಮಗಳು ಕೇಳಿದಳು. ಅಜ್ಜಿಯೂ ನಾನೂ ಮುಖ ಮುಖ ನೋಡಿಕೊಂಡೆವು.

ಕೆತ್ತನೆ ಮುಟ್ಟಬೇಡಿ. ಎಷ್ಟೋ ಕಡೆ ಕೈ ಉಜ್ಜಿ ಉಜ್ಜಿ ಕಲ್ಲು ಕಪ್ಪಗೆ ಹೊಳೆಯುತ್ತಿದೆ. ಚಿಪ್ಸ್ ಪೊಟ್ಟಣ ಕೈಯಲ್ಲಿ ಹಿಡಿದು ಓಡಾಡಿದರೆ ಕಲ್ಲಿನದ್ದಲ್ಲ, ನಿಜವಾದ ಕೋತಿಯೇ ಬಂದು ಕಿತ್ತುಕೊಳ್ಳುತ್ತದೆ.

ಇಲ್ಲಿಂದ ಬಂದ ದಾರಿಗೆ ಸುಂಕವಿಲ್ಲ ಅಂತ ಪಶ್ಚಿಮಕ್ಕೆ ವಾಪಸ್ ನಡೆಯಬೇಡಿ. ಬೆಳಗ್ಗೆ ಇಳಿಯುವಾಗಲೇ ಟುಕ್‌ಟುಕ್‌ನವನಿಗೆ ಪೂರ್ವದ ಬಾಗಿಲಲ್ಲಿ ಇರು ಅಂತ ಹೇಳಿರಿ. ಕಾಡಿನ ನೆರಳಿನ ಮಣ್ಣುದಾರಿ, ಜನವೇ ಇಲ್ಲ. ಇದೊಂದು ಮಾತು ನೆನಪಿಟ್ಟರೂ ಈ ಲೇಖನ ಓದಿದ್ದು ವಸೂಲು.

ಉಳಿದ ಎರಡು ದಿನ

ಎರಡನೇ ದಿನ ಬೆಳಗ್ಗೆ 7:30ಕ್ಕೆ, ಬಾಗಿಲು ತೆಗೆಯುವ ಹೊತ್ತಿಗೇ, ತಾ ಪ್ರೋಮ್. ಏಳನೇ ಜಯವರ್ಮ ತಾಯಿಯ ನೆನಪಿಗೆ 1186ರಲ್ಲಿ ಕಟ್ಟಿಸಿದ್ದು, ಮರದ ಬೇರು ಗೋಡೆ ತಬ್ಬಿಕೊಂಡಿರುವುದು ಇಲ್ಲೇ. ಇದರ ದುರಸ್ತಿಯಲ್ಲಿ ಭಾರತದ ಪುರಾತತ್ವ ಇಲಾಖೆಯ ಕೈ ಇದೆ. ಒಂಬತ್ತಾದರೆ ಒಂದೊಂದು ಬೇರಿನ ಮುಂದೆಯೂ ಫೋಟೊಗೆ ಕ್ಯೂ. ಸಂಜೆ ಬಾಯೊನ್. ಗೋಪುರಗಳ ಮೇಲಿನ ದೊಡ್ಡ ಕಲ್ಲಿನ ಮುಖಗಳ ಫೋಟೊ ಎಲ್ಲರೂ ಹೊಡೆಯುತ್ತಾರೆ, ನೀವು ಕೆಳಗಿನ ಗೋಡೆ ನೋಡಿ. ಕೋಳಿ ಅಂಕ, ಸಂತೆ, ಹಂದಿಯನ್ನು ಹಂಡೆಗೆ ಹಾಕುವವರು. ರಾಜರ ಗೋಡೆಯ ಮೇಲೆ ಇಷ್ಟು ಅಡುಗೆ ಕೆಲಸ ನಾನು ಬೇರೆಲ್ಲೂ ನೋಡಿಲ್ಲ.

ಮೂರನೇ ದಿನ ಬಾಂತಿಯಾಯ್ ಸ್ರೇ, ಒಂದು ಗಂಟೆಯ ದಾರಿ. ಕ್ರಿ.ಶ. 967ರ ಕೆಂಪುಗಲ್ಲಿನ ಪುಟ್ಟ ಶಿವನ ಗುಡಿ, ರಾವಣ ಕೈಲಾಸ ಅಲ್ಲಾಡಿಸುವ ಕೆತ್ತನೆ ಮರದಲ್ಲಿ ಕೊರೆದಷ್ಟು ಸೂಕ್ಷ್ಮ. ಮೆಟ್ಟಿಲು ಕಡಿಮೆ, ಹಿರಿಯರಿಗೆ ಹೇಳಿ ಮಾಡಿಸಿದ ಜಾಗ. ಮುಂದೆ ಫ್ರಾನ್ಸಿನ ಸಂಸ್ಕೃತಿ ಮಂತ್ರಿಯಾದ ಆಂದ್ರೆ ಮಾಲ್ರೋ 1923ರಲ್ಲಿ ಇಲ್ಲಿನ ಶಿಲ್ಪ ಕಿತ್ತುಕೊಂಡು ಹೋಗಿ ಸಿಕ್ಕಿಬಿದ್ದಿದ್ದ. ಹತ್ತಿರದಲ್ಲೇ ನೆಲಬಾಂಬುಗಳ ಸಂಗ್ರಹಾಲಯವಿದೆ, ದೊಡ್ಡ ಮಕ್ಕಳಿದ್ದರೆ ತೋರಿಸಿ. ದೂರದ ಗುಡಿಗಳಿಗೆ ಹೋದರೆ ತುಳಿದ ದಾರಿ ಬಿಟ್ಟು ಪೊದೆಯೊಳಗೆ ಹೋಗಬೇಡಿ ಅನ್ನುವುದು ಸುಮ್ನೆ ಹೆದರಿಸುವ ಮಾತಲ್ಲ, ಅಲ್ಲಿ ಯುದ್ಧ ಮುಗಿದರೂ ಬಾಂಬು ಮುಗಿದಿಲ್ಲ.

ಊಟ

ಸಸ್ಯಾಹಾರಿಗಳು 'ಮಾಂಸ ಬೇಡ' ಅಂದರೆ ಸಾಲದು, ಮೀನಿನ ಸಾಸ್ ಬೇಡ ಅಂತ ಬೇರೆಯಾಗಿ ಹೇಳಬೇಕು. ಬರೀ ತರಕಾರಿ ಪಲ್ಯಕ್ಕೂ ಅದನ್ನು ಹಾಕುತ್ತಾರೆ. ಊರಲ್ಲಿ ಭಾರತೀಯ ಹೋಟೆಲ್‌ಗಳಿವೆ, ಹಿರಿಯರಿಗೆ ರಾತ್ರಿ ಅನ್ನ ಬೇಳೆ ಸಿಕ್ಕರೆ ನಿಮಗೂ ನೆಮ್ಮದಿ.

ಗುಡಿಗಳ ಹತ್ತಿರ ಪುಟ್ಟ ಮಕ್ಕಳು 'ಒನ್ ಡಾಲರ್' ಅಂತ ಪೋಸ್ಟ್‌ಕಾರ್ಡ್ ಹಿಡಿದು ಬರುತ್ತಾರೆ. ಕರುಳು ಚುರುಕ್ ಅಂದರೂ ಕೊಳ್ಳಬೇಡಿ. ವ್ಯಾಪಾರ ಆದಷ್ಟು ದಿನ ಆ ಮಕ್ಕಳನ್ನು ಶಾಲೆಗೆ ಕಳಿಸುವುದಿಲ್ಲ. ಅಷ್ಟೇ ದುಡ್ಡಿಗೆ ದೊಡ್ಡವರ ಅಂಗಡಿಯಲ್ಲಿ ಎಳನೀರು ಕುಡಿಯಿರಿ. ಹೊರಡುವ ಹಿಂದಿನ ಸಂಜೆ ಜೇಬಿನಲ್ಲಿ ಉಳಿದ ರಿಯಲ್ ಎಲ್ಲ ಹೀಗೇ ಖರ್ಚು ಮಾಡಿಬಿಡಿ, ಆ ದೇಶ ದಾಟಿದರೆ ಅದನ್ನು ಯಾರೂ ಬದಲಾಯಿಸಿ ಕೊಡುವುದಿಲ್ಲ. ನಮ್ಮ ಮನೆಯ ಡ್ರಾಯರ್‌ನಲ್ಲಿ ಇನ್ನೂ ಹದಿನಾಲ್ಕು ಸಾವಿರ ಬಿದ್ದಿದೆ.