ಹಳ್ಳಿ ಮನೆಗೆ ಮೊಬೈಲ್ ಬ್ರಾಡ್‌ಬ್ಯಾಂಡ್: ಮೊದಲು ಜಾಗ ಹುಡುಕಿ, ಆಮೇಲೆ ರೌಟರ್ ಕೊಳ್ಳಿ

ಕೇಬಲ್ ಬಾರದ ಕಡೆ ಮನೆಗೆ ನೆಟ್ ಬೇಕೆಂದರೆ ಸಿಮ್ ಹಾಕುವ ರೌಟರೇ ಗತಿ. ಜನ ಏನು ಮಾಡುತ್ತಾರೆ? ನಾಲ್ಕು ಕೊಂಬಿನ ದುಬಾರಿ ರೌಟರ್ ತರುತ್ತಾರೆ, ಟಿವಿ ಪಕ್ಕದ ಪ್ಲಗ್ಗಿಗೆ ಚುಚ್ಚುತ್ತಾರೆ, ಸ್ಪೀಡ್ ಬರಲಿಲ್ಲ ಅಂತ ಕಂಪನಿಗೆ ಬೈಯುತ್ತಾರೆ. ಆ ಕೊಂಬುಗಳಲ್ಲಿ ಹೆಚ್ಚಿನವು ಮನೆಯೊಳಗೆ ವೈಫೈ ಹರಡಲು ಇರುವಂಥವು. ಟವರಿನಿಂದ ಬಾರದ ಸಿಗ್ನಲ್ಲನ್ನು ಯಾವ ರೌಟರೂ ಹುಟ್ಟಿಸುವುದಿಲ್ಲ. ಹಾಗಾಗಿ ಹುಡುಕಾಟ ಮೊದಲು, ಖರೀದಿ ಆಮೇಲೆ.

ಹಂತ 1: ಕಂಪನಿ ಆರಿಸಿ

ಸಿಗುವ ಎಲ್ಲ ಕಂಪನಿಗಳ ಸಿಮ್ ಒಂದೊಂದು ಎರವಲು ತನ್ನಿ. ಒಂದೇ ಫೋನಿನಲ್ಲಿ, ಒಂದೇ ಜಾಗದಲ್ಲಿ ನಿಂತು ಸ್ಪೀಡ್ ನೋಡಿ. ಬೆಳಿಗ್ಗೆ ಒಮ್ಮೆ, ರಾತ್ರಿ 8ರಿಂದ 10ರ ನಡುವೆ ಇನ್ನೊಮ್ಮೆ. ಬೆಳಿಗ್ಗೆ ಓಡಿ ರಾತ್ರಿ ತೆವಳಿದರೆ ಟವರಿನ ಮೇಲೆ ಜನ ಜಾಸ್ತಿ ಅಂತಲೇ ಅರ್ಥ. ಅದಕ್ಕೆ ಆಂಟೆನಾ ಮದ್ದಲ್ಲ, ಬೇರೆ ಟವರ್ ಅಥವಾ ಬೇರೆ ಕಂಪನಿಯೇ ಮದ್ದು.

ಹಂತ 2: ಕಡ್ಡಿ ಬಿಡಿ, ಅಂಕಿ ಓದಿ

ಹೆಚ್ಚಿನವರು ಎಡವುವುದು ಇಲ್ಲೇ. ಫೋನಿನ ಸಿಗ್ನಲ್ ಕಡ್ಡಿಗಳಿಗೆ ಎಲ್ಲರೂ ಒಪ್ಪಿದ ಲೆಕ್ಕ ಅಂತ ಯಾವುದೂ ಇಲ್ಲ. ಒಂದು ಫೋನಿನ ಮೂರು ಕಡ್ಡಿ ಇನ್ನೊಂದರಲ್ಲಿ ಎರಡಾಗಬಹುದು. ಆಂಡ್ರಾಯ್ಡ್ ಇದ್ದರೆ ನೆಟ್‌ಮಾನ್‌ಸ್ಟರ್ ಥರದ ಆ್ಯಪ್ ಹಾಕಿಕೊಳ್ಳಿ. ಐಫೋನ್ ಇದ್ದರೆ *3001#12345#* ಒತ್ತಿ ಕರೆ ಮಾಡಿ, ಪರೀಕ್ಷೆಯ ಪರದೆ ತೆರೆಯುತ್ತದೆ. ಅಲ್ಲಿ ಹತ್ತಾರು ಅಂಕಿ ಇರುತ್ತವೆ. ನಿಮಗೆ ಬೇಕಾದ್ದು ಎರಡೇ.

ಮೊದಲನೆಯದು ಆರ್‌ಎಸ್‌ಆರ್‌ಪಿ, ಅಂದರೆ ಸಿಗ್ನಲ್ಲಿನ ಬಲ. ಇದು ಮೈನಸ್‌ನಲ್ಲಿರುತ್ತದೆ. ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. -80 ಇದ್ದರೆ ಬಹಳ ಚೆನ್ನ, -100 ಸುಮಾರು, -115 ದಾಟಿದರೆ ಒದ್ದಾಟ. ಇದರ ಅಳತೆ ಡಿಬಿ, ಅಂದರೆ ಡೆಸಿಬೆಲ್. 3 ಡಿಬಿ ಏರಿದರೆ ಬಲ ಇಮ್ಮಡಿಯಾಯಿತು ಅಂತ ಲೆಕ್ಕ.

ಎರಡನೆಯದು ಎಸ್‌ಐಎನ್‌ಆರ್, ಅಂದರೆ ಸಿಗ್ನಲ್ ಎಷ್ಟು ಶುದ್ಧವಾಗಿದೆ ಎನ್ನುವುದು. 20ರ ಮೇಲಿದ್ದರೆ ಹಬ್ಬ. 10ರ ಮೇಲಿದ್ದರೆ ವಿಡಿಯೊ ಕಾಲ್‌ಗೆ ತೊಂದರೆಯಿಲ್ಲ. ಸೊನ್ನೆಗಿಂತ ಕೆಳಗಿಳಿದರೆ ಕಷ್ಟ. ನನ್ನ ಓಟು ಇದಕ್ಕೇ. -85 ಬಲವಿದ್ದು ಎಸ್‌ಐಎನ್‌ಆರ್ ಬರೀ 2 ಇರುವ ಜಾಗಕ್ಕಿಂತ, -102 ಬಲವಿದ್ದು 14 ಇರುವ ಜಾಗದಲ್ಲಿ ನೆಟ್ ಚೆನ್ನಾಗಿ ಓಡುತ್ತದೆ. ಗದ್ದಲದ ಕೋಣೆಯಲ್ಲಿ ಕೂಗಿ ಹೇಳಿದ ಮಾತಿಗಿಂತ ನಿಶ್ಶಬ್ದದಲ್ಲಿ ಮೆಲ್ಲಗೆ ಹೇಳಿದ್ದು ಸರಿಯಾಗಿ ಕೇಳುತ್ತದೆ, ಅಲ್ವಾ?

ಈ ಗದ್ದಲ ಎಲ್ಲಿಂದ ಬರುತ್ತದೆ? ಒಂದೇ ತರಂಗದಲ್ಲಿ ಕೆಲಸ ಮಾಡುವ ಅಕ್ಕಪಕ್ಕದ ಟವರುಗಳಿಂದ. ಅದಕ್ಕೇ ಮನೆಯ ತೀರಾ ಎತ್ತರದ ತುದಿಯೇ ಯಾವಾಗಲೂ ಒಳ್ಳೆಯ ಜಾಗವಲ್ಲ. ಅಲ್ಲಿಗೆ ಎಲ್ಲ ಟವರೂ ಕಾಣುತ್ತವೆ, ಎಲ್ಲವೂ ಒಂದರ ಮೇಲೊಂದು ಬೀಳುತ್ತವೆ. ಎಷ್ಟೋ ಸಲ ಒಂದಾಳು ಕೆಳಗೆ, ಬೇಡದ ಟವರಿಗೆ ಮನೆ ಗೋಡೆ ಅಡ್ಡ ಬರುವ ಕಡೆ ಎಸ್‌ಐಎನ್‌ಆರ್ ಏರುತ್ತದೆ.

ಈಗ ಮನೆ ಸುತ್ತ ನಡೆಯಿರಿ. ಪ್ರತಿ ಜಾಗದಲ್ಲೂ ಫ್ಲೈಟ್ ಮೋಡ್ ಹಾಕಿ ತೆಗೆಯಿರಿ, ಇಲ್ಲದಿದ್ದರೆ ಫೋನ್ ಹಳೆಯ ಟವರನ್ನೇ ಕಚ್ಚಿಕೊಂಡಿರುತ್ತದೆ. ಅರ್ಧ ನಿಮಿಷ ಕಾಯಿರಿ, ಎರಡೂ ಅಂಕಿ ಬರೆದುಕೊಳ್ಳಿ. ಕೆಲವು ಫೋನುಗಳು ಎಸ್‌ಐಎನ್‌ಆರ್ ತೋರಿಸುವುದಿಲ್ಲ, ಆಗ ಸ್ಪೀಡ್ ಟೆಸ್ಟ್ ಮಾಡಿಯೇ ನೋಡಬೇಕು. ತಗಡಿನ ಮಾಡು, ದಪ್ಪ ಕಾಂಕ್ರೀಟ್, ಲೋಹದ ಲೇಪನದ ಕಿಟಕಿ ಗಾಜು ಇವೆಲ್ಲ ಸಿಗ್ನಲ್ ತಡೆಯುತ್ತವೆ. ಹಾಗಾಗಿ ಗೋಡೆಯ ಹೊರಗೂ ತಪ್ಪದೆ ನೋಡಿ.

ಇದೇ ಆ್ಯಪಿನಲ್ಲಿ ಬ್ಯಾಂಡ್, ಅಂದರೆ ಸಿಗ್ನಲ್ ಯಾವ ತರಂಗದಲ್ಲಿ ಬರುತ್ತಿದೆ ಎನ್ನುವುದನ್ನೂ ಗಮನಿಸಿ. 700ರಿಂದ 900 ಮೆಗಾಹರ್ಟ್ಸ್ ದೂರ ಹೋಗುತ್ತದೆ, ಗೋಡೆ ದಾಟುತ್ತದೆ, ಆದರೆ ಸಾಮಾನ್ಯವಾಗಿ ಇಕ್ಕಟ್ಟು. 1800ರಿಂದ 2600ರವರೆಗಿನದು ಜಾಸ್ತಿ ಡೇಟಾ ಹೊರುತ್ತದೆ, ಗೋಡೆ ಕಂಡರೆ ಸೋಲುತ್ತದೆ. ಹೊರಗಡೆ ಆಂಟೆನಾ ಇಟ್ಟರೆ ಈ ಎರಡನೆಯದು ಕೈಗೆ ಸಿಗಬಹುದು. ನಿಜವಾದ ಲಾಭ ಅಲ್ಲಿದೆ.

ಇಷ್ಟು ಹೊತ್ತಿಗೆ ಯಾರಾದರೂ ಫೋನ್ ಹಿಂದೆ ಅಂಟಿಸುವ ಸಿಗ್ನಲ್ ಸ್ಟಿಕ್ಕರ್ ಮಾರಲು ಬಂದಿರುತ್ತಾರೆ. ಅದು ಸುಮ್ನೆ ಬಣ್ಣದ ಕಾಗದ. ಬೂಸ್ಟರ್ ಪೆಟ್ಟಿಗೆಯ ಕಥೆ ಬೇರೆ. ಅನುಮತಿಯಿಲ್ಲದೆ ಅದನ್ನು ಹಾಕುವುದು ಬಹಳಷ್ಟು ದೇಶಗಳಲ್ಲಿ ಕಾನೂನಿಗೆ ವಿರುದ್ಧ. ಅಗ್ಗದ ಬೂಸ್ಟರ್ ಟವರಿಗೇ ಗದ್ದಲ ತುಂಬಿ ಅಕ್ಕಪಕ್ಕದವರ ನೆಟ್ಟನ್ನೂ ಕೆಡಿಸುತ್ತದೆ.

ಹಂತ 3: ಈಗ ರೌಟರ್

ಕ್ಯಾಟ್ ಅಂದರೆ 4ಜಿ ರೌಟರಿನ ದರ್ಜೆ. ಡಬ್ಬಿಯ ಮೇಲೆ ಕ್ಯಾಟ್ 4 ಅಂತಿದ್ದರೆ ಅಲ್ಲೇ ಬಿಟ್ಟು ಬನ್ನಿ. ಅದು ಒಂದು ಸಲಕ್ಕೆ ಒಂದು ಬ್ಯಾಂಡನ್ನಷ್ಟೇ ಹಿಡಿಯುತ್ತದೆ. ಕಾಗದದ ಮೇಲಿನ ಗರಿಷ್ಠ 150 ಎಂಬಿಪಿಎಸ್. ಕ್ಯಾಟ್ 6 ಆದರೆ ಎರಡು ಬ್ಯಾಂಡ್ ಜೋಡಿಸಬಲ್ಲದು. ನಿಮ್ಮ ಕಂಪನಿಯ ಬ್ಯಾಂಡುಗಳು ಪಟ್ಟಿಯಲ್ಲಿವೆಯೇ ನೋಡಿ. ಮನೆ ಹತ್ತಿರ ಫೋನಿನಲ್ಲಿ 5ಜಿ ಕಾಣದೇ ಇದ್ದರೆ 5ಜಿ ರೌಟರಿಗೆ ದುಡ್ಡು ಸುರಿಯಬೇಡಿ.

ಹೊರಗೆ ಕೂರಿಸುವ ರೌಟರನ್ನೇ ಕೊಳ್ಳಿ. ಇದರಲ್ಲಿ ನನಗೆ ಎರಡನೇ ಮಾತಿಲ್ಲ. ಆಂಟೆನಾ ಅದರೊಳಗೇ ಇರುತ್ತದೆ. ಮನೆಯೊಳಕ್ಕೆ ಬರುವುದು ಒಂದೇ ಈಥರ್‌ನೆಟ್ ವೈರ್. ಅದು 100 ಮೀಟರ್ ತನಕ ಡೇಟಾವನ್ನು ಕುಂದಿಲ್ಲದೆ ತರುತ್ತದೆ, ಕರೆಂಟನ್ನೂ ಅದೇ ಒಯ್ಯುತ್ತದೆ. ಒಳಗೆ ರೌಟರ್, ಹೊರಗೆ ಆಂಟೆನಾ, ನಡುವೆ ತೆಳ್ಳನೆಯ ಕೇಬಲ್ ಎಳೆದರೆ ಹತ್ತು ಮೀಟರಿನಲ್ಲಿ ಅರ್ಧಕ್ಕಿಂತ ಜಾಸ್ತಿ ಸಿಗ್ನಲ್ ಕೇಬಲ್ಲೇ ನುಂಗುತ್ತದೆ. ಹಾಗೇ ಮಾಡುತ್ತೇನೆ ಅನ್ನುವವರು ದಪ್ಪ ಕೇಬಲ್ ಹಾಕಿ, ಆದಷ್ಟು ಗಿಡ್ಡ ಇರಲಿ. ಆಂಟೆನಾ ಒಂದಲ್ಲ, ಎರಡು ಬೇಕು. 4ಜಿ ಎರಡು ಧಾರೆಗಳಲ್ಲಿ ಡೇಟಾ ಕಳಿಸುತ್ತದೆ. ಒಂದನ್ನು 45 ಡಿಗ್ರಿ ಎಡಕ್ಕೆ, ಇನ್ನೊಂದನ್ನು ಅಷ್ಟೇ ಬಲಕ್ಕೆ ಓರೆ ಮಾಡಿ ಕಟ್ಟಬೇಕು.

ಹಂತ 4: ದಿಕ್ಕು ಹಿಡಿಯುವುದು

ಇದಕ್ಕೆ ಇಬ್ಬರು ಬೇಕು. ಒಬ್ಬರು ಮೇಲೆ ರೌಟರ್ ತಿರುಗಿಸಲಿ, ಇನ್ನೊಬ್ಬರು ಕೆಳಗೆ ರೌಟರಿನ ಸೆಟ್ಟಿಂಗ್ ಪುಟ ತೆರೆದು ಅಂಕಿ ಹೇಳಲಿ. ಕಣ್ಣಿಗೆ ಕಾಣುವ ಟವರಿನತ್ತ ನೇರ ತಿರುಗಿಸಿ ಮುಗಿಸುವ ಆತುರ ಬೇಡ. ಅದು ಬೇರೆ ಕಂಪನಿಯದಿರಬಹುದು. ನಿಮ್ಮದೇ ಆದರೂ ಅದರ ಮುಖ ಬೇರೆ ಕಡೆ ಇರಬಹುದು. ಗುಡ್ಡಕ್ಕೆ ಬಡಿದು ಹಿಂದಿರುಗಿದ ಸಿಗ್ನಲ್ಲೇ ಕೆಲವೊಮ್ಮೆ ಹೆಚ್ಚು ಶುದ್ಧವಾಗಿರುತ್ತದೆ.

ಹದಿನೈದು ಡಿಗ್ರಿಯಂತೆ ತಿರುಗಿಸಿ, ಅರ್ಧ ನಿಮಿಷ ಬಿಟ್ಟು ಅಂಕಿ ಬರೆಯಿರಿ. ಪೂರ್ತಿ ಒಂದು ಸುತ್ತು ಮುಗಿಸಿ. ನಡುವೆ ಚೆನ್ನಾಗಿ ಸಿಕ್ಕಿತು ಅಂತ ನಿಲ್ಲಬೇಡಿ. ಆಮೇಲೆ ಅತಿ ಹೆಚ್ಚು ಎಸ್‌ಐಎನ್‌ಆರ್ ಬಂದ ದಿಕ್ಕಿಗೆ ಹಿಂದಿರುಗಿ, ಆಚೀಚೆ ಐದೈದು ಡಿಗ್ರಿ ಸರಿಸಿ ನೋಡಿ. ಪ್ರತಿ ಸಲ ಸೆಲ್ ಐಡಿಯನ್ನೂ, ಅಂದರೆ ಟವರಿನ ಆ ಮುಖದ ಗುರುತು ಸಂಖ್ಯೆಯನ್ನೂ ಬರೆದಿಡಿ. ಅದು ಬದಲಾದರೆ ನೀವು ಬೇರೆ ಟವರ್ ಅಥವಾ ಅದೇ ಟವರಿನ ಬೇರೆ ಮುಖ ಹಿಡಿದಿದ್ದೀರಿ ಅಂತ ಅರ್ಥ. ಕೊನೆಗೆ ಸೆಟ್ಟಿಂಗ್ ಪುಟದಲ್ಲಿ ಒಂದೊಂದೇ ಬ್ಯಾಂಡ್ ಲಾಕ್ ಮಾಡಿ, ಅಂದರೆ ರೌಟರ್ ಅದೊಂದನ್ನೇ ಬಳಸುವಂತೆ ಕಟ್ಟಿಹಾಕಿ, ಸ್ಪೀಡ್ ನೋಡಿ. ಗೆದ್ದದ್ದನ್ನು ಇಟ್ಟುಕೊಳ್ಳಿ.

ಆಮೇಲೆ ನಟ್ ಬಿಗಿ ಮಾಡಿ. ವೈರ್ ಗೋಡೆ ಹೊಗುವ ಮುಂಚೆ ಒಂದು ಬಾಗು ಕೆಳಕ್ಕೆ ಬಿಡಿ, ಮಳೆ ನೀರು ಅಲ್ಲೇ ತೊಟ್ಟಿಕ್ಕಲಿ. ಕಂಬಕ್ಕೆ ಅರ್ಥಿಂಗ್ ಕೊಡಿಸಿ. ಮಿಂಚಿರುವಾಗ ಮೇಲೆ ಹತ್ತಬೇಡಿ.

ಮನೆಗೆ ಸಿಸಿಟಿವಿ ಹಾಕುವ ಯೋಚನೆಯಿದ್ದರೆ ಒಂದು ಮಾತು. ಮೊಬೈಲ್ ಕಂಪನಿಗಳು ಸಾಮಾನ್ಯವಾಗಿ ಇಂಟರ್ನೆಟ್ಟಿನ ಒಂದೇ ಹೊರ ವಿಳಾಸವನ್ನು (ಐಪಿ) ಹಲವು ಗ್ರಾಹಕರಿಗೆ ಹಂಚುತ್ತವೆ. ಹಾಗಾಗಿ ಹೊರಗಿನಿಂದ ನೇರವಾಗಿ ಮನೆಯ ಕ್ಯಾಮೆರಾ ತೆರೆಯಲು ಆಗುವುದಿಲ್ಲ. ತನ್ನದೇ ಆ್ಯಪ್ ಮೂಲಕ ಕ್ಲೌಡ್‌ಗೆ ಸೇರುವ ಕ್ಯಾಮೆರಾ ಕೊಳ್ಳಿ.