ನ್ಯಾಶ್‌ವಿಲ್‌ನಲ್ಲಿ ನನ್ನ ಮೊದಲ ಆಲ್ಬಮ್: ಹಾಡು ಬರೆಯುವವನು ತಾನೇ ಹಾಡಿದ ಬಗೆ

ಅಮೆರಿಕದ ನ್ಯಾಶ್‌ವಿಲ್‌ನ ಸಂಗೀತೋದ್ಯಮದ ಬಡಾವಣೆಯಾದ ಮ್ಯೂಸಿಕ್ ರೋದಲ್ಲಿ ಹತ್ತಾರು ವರ್ಷ ಬೇರೆಯವರಿಗಾಗಿ ಹಳ್ಳಿಗಾಡಿನ ಸೊಗಡಿನ ಕಂಟ್ರಿ ಹಾಡುಗಳನ್ನು ಬರೆದ ನಾನು, ನನ್ನ ಹತ್ತು ಹಾಡುಗಳನ್ನು ನನ್ನದೇ ದನಿಯಲ್ಲಿ, ವಾದ್ಯದವರ ಜೊತೆ ಒಂದೇ ಕೋಣೆಯಲ್ಲಿ, ಕ್ಲಿಕ್ (ಕಿವಿಯಲ್ಲಿ ತಾಳ ಕೊಡುವ ಯಂತ್ರದ ಸದ್ದು) ಇಲ್ಲದೆ ರೆಕಾರ್ಡ್ ಮಾಡುತ್ತೇನೆಂದಾಗ ಒಪ್ಪಿದವರು ವಿರಳ. ನನ್ನ ಡೆಮೊಗಳನ್ನೆಲ್ಲ (ಗಾಯಕರಿಗೆ ಕೇಳಿಸುವ ಮಾದರಿ ರೆಕಾರ್ಡಿಂಗ್‌ಗಳು) ಪಬ್ಲಿಷರ್, ಅಂದರೆ ಹಾಡಿನ ಹಕ್ಕು ನೋಡಿಕೊಳ್ಳುವವರು, ಬೇರೆ ಗಾಯಕರಿಂದಲೇ ಹಾಡಿಸುತ್ತಿದ್ದರು. ಕಂಟ್ರಿ ಗಾಯಕ ಕ್ರಿಸ್ ಸ್ಟೇಪಲ್ಟನ್ ಕೂಡ ವರ್ಷಗಟ್ಟಲೆ ಇತರರಿಗೆ ಬರೆದು 2015ರಲ್ಲಿ ಮೊದಲ ಸೋಲೋ ಆಲ್ಬಮ್ ತಂದರಲ್ಲ ಎಂದರೆ, ಅವರ ಕಂಠ ನಿನಗಿದೆಯೇ ಎಂದು ಕೇಳುತ್ತಿದ್ದರು. ಆಲ್ಬಮ್ ಈಗ ಹೊರಬಂದಿದೆ, ಹಾಕಿದ ಹಣದ ಮುಕ್ಕಾಲು ಪಾಲು ವಾಪಸಾಗಿದೆ.

ಹಟ ಹಿಡಿಯಲು ಹಣವೂ ಕಾರಣವಾಗಿತ್ತು. 2006ರಿಂದ 2022ರವರೆಗೆ ಸಿ.ಡಿ. ಅಥವಾ ಡೌನ್‌ಲೋಡ್ ಒಂದಕ್ಕೆ ಹಾಡಿನ ಮೆಕ್ಯಾನಿಕಲ್ ರಾಯಲ್ಟಿ, ಅಂದರೆ ಮಾರಾಟವಾದ ಪ್ರತಿಗೆ ಹಾಡು ಬರೆದವರ ಕಡೆಗೆ ಸಲ್ಲುವ ಹಣ, 9.1 ಸೆಂಟ್ ಇತ್ತು. ಜೊತೆಗೆ ಬರೆದವರಿಗೆ ಅರ್ಧ, ಉಳಿದುದರಲ್ಲಿ ಪಬ್ಲಿಷರ್‌ಗೆ ಅರ್ಧ ಹೋದರೆ, ಬೇರೆಯವರು ಹಾಡಿದ ಹಾಡಿನಿಂದ ನನ್ನ ಪಾಲಿಗೆ ಬರುತ್ತಿದ್ದದ್ದು ಎರಡೂಕಾಲು ಸೆಂಟ್.

ಮೊದಲು ಎಲ್ಲರಂತೆ ಡ್ರಮ್ಸ್ ಒಂದೆಡೆ, ಪೆಡಲ್ ಸ್ಟೀಲ್ (ಸ್ವರಗಳನ್ನು ಜಾರಿಸಿ ನುಡಿಸುವ, ಪೆಡಲ್‌ಗಳಿರುವ ಗಿಟಾರ್) ಇನ್ನೊಬ್ಬರ ಮನೆಯಲ್ಲಿ, ಹಾಡುಗಾರಿಕೆ ಕೊನೆಯಲ್ಲಿ ಎಂಬ ಕ್ರಮದಲ್ಲೇ ಮಾಡಿದೆ. ಐದಾರು ಸಾವಿರ ಡಾಲರ್ ಕರಗಿತು. ಸಾಲಿನ ಕೊನೆಯ ಪದವನ್ನು ತಾಳದಿಂದ ತುಸು ಹಿಂದೆ ಬಿಡುವುದು ನನ್ನ ರೂಢಿ. ಕ್ಲಿಕ್‌ಗೆ ಕಟ್ಟಿದ ವಾದ್ಯಗಳ ಮೇಲೆ ಅದು ತಡವಾಗಿ ಬಂದವನ ಮಾತಿನಂತೆ ಕೇಳಿಸುತ್ತಿತ್ತು, ಕಂಪ್ಯೂಟರ್‌ನಲ್ಲಿ ಪಿಚ್ (ದನಿಯ ಶ್ರುತಿ) ತಿದ್ದಿದಾಗ ಇನ್ನಷ್ಟು ಕೆಟ್ಟಿತು. ಆ ಟ್ರ್ಯಾಕ್‌ಗಳನ್ನೆಲ್ಲ ಬದಿಗಿಟ್ಟೆ.

ಎರಡನೆಯ ಬಾರಿ ಮೂರು ಗಂಟೆಯ ಸೆಷನ್ ಒಂದಕ್ಕೆ ಎರಡು ಮೂರು ಹಾಡುಗಳಿಗಿಂತ ಹೆಚ್ಚು ಇಟ್ಟುಕೊಳ್ಳಲಿಲ್ಲ. ಡೆಮೊ ಗಾಯಕರ ಎತ್ತರದ ದನಿಗೆ ಹೊಂದಿಸಿದ್ದ ಹಾಡುಗಳನ್ನು ನನಗಾಗಿ ಒಂದರಿಂದ ಎರಡು ಸ್ವರ ಇಳಿಸಬೇಕಾಯಿತು. ವಾದ್ಯದವರು ನೋಡಿ ನುಡಿಸುವ ಚಾರ್ಟ್‌ಗಳು ನಂಬರ್ ಪದ್ಧತಿಯಲ್ಲಿ, ಅಂದರೆ ಸ್ವರದ ಹೆಸರಿನ ಬದಲು ಯಾವ ಶ್ರುತಿಗೂ ಹೊಂದುವ ಅಂಕಿಗಳಲ್ಲಿ, ಇದ್ದುದರಿಂದ ಯಾರೂ ಏನನ್ನೂ ಮತ್ತೆ ಬರೆಯಲಿಲ್ಲ. ನಾನು ಹಾಡುತ್ತಿರುವಾಗ ಸ್ಟೀಲ್ ಸುಮ್ಮನಿರಬೇಕು, ಉಸಿರೆಳೆದಾಗ ಮಾತ್ರ ಉತ್ತರಿಸಬೇಕು ಎಂಬುದೊಂದೇ ನನ್ನ ಷರತ್ತಾಗಿತ್ತು. ಡ್ರಮ್ಸ್‌ಗೆ ಕೋಲಿನ ಬದಲು ಬ್ರಷ್ ಹಿಡಿಸಿ, ಅದರ ಸದ್ದು ರಿಬ್ಬನ್ ಮೈಕಿನ (ಹಿಂದು ಮುಂದಿನ ಸದ್ದನ್ನಷ್ಟೇ ಚೆನ್ನಾಗಿ ಹಿಡಿಯುವ ಮೈಕು) ಕಿವುಡು ಪಕ್ಕಕ್ಕೆ ಬೀಳುವಂತೆ ಕುಳಿತೆ. ಸ್ಟೀಲ್‌ನ ಆಂಪ್ (ದನಿವರ್ಧಕ ಪೆಟ್ಟಿಗೆ) ಎಲ್ಲಿಟ್ಟೆ ಎಂಬುದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ. ಇಡೀ ಆಲ್ಬಮ್‌ನ ನಾದ ನಿಂತಿರುವುದು ಅದರ ಮೇಲೆ.

ನಡುವೆ ಹನ್ನೆರಡು ತಂತಿಯ ಸೆಟ್ಟಿನ ತೆಳು ತಂತಿಗಳನ್ನು ಗಿಟಾರ್‌ನ ಕೆಳಸ್ವರದ ನಾಲ್ಕು ತಂತಿಗಳ ಜಾಗದಲ್ಲಿ ಹಾಕಿ, ನ್ಯಾಶ್‌ವಿಲ್ ಟ್ಯೂನಿಂಗ್‌ನಲ್ಲಿ ಎರಡನೆಯ ಗಿಟಾರ್ ಸೇರಿಸಿದ್ದು ಎರಡು ಹಾಡುಗಳಿಗೆ ಚೆನ್ನಾಗಿ ಒಗ್ಗಿತು. ವಾಲ್ಟ್ಸ್ ನಡೆಯ, ಅಂದರೆ ಮೂರೆಣಿಕೆಯ ತಾಳದ, ಹಾಡೊಂದಕ್ಕೆ ತಂಬೂರಿಯ ಶ್ರುತಿಯನ್ನೂ ಹಿಡಿದು ನೋಡಿದೆ, ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಚ್ಛ) ಬದಲಾದಾಗಲೆಲ್ಲ ಸ್ಟೀಲ್‌ನ ಜಾರುವ ಸ್ವರಗಳಿಗೂ ಅದಕ್ಕೂ ತಿಕ್ಕಾಟ ಬಂದುದರಿಂದ ತೆಗೆದೆ. ಆ ಪ್ರಯೋಗವನ್ನು ನಾನಿನ್ನೂ ಕೈಬಿಟ್ಟಿಲ್ಲ.

ನೆನಪಿನಿಂದ ಹೇಳುವುದಾದರೆ ಎರಡನೆಯ ಸುತ್ತಿಗೆ ವಾದ್ಯದವರಿಗೆ ಒಂಬತ್ತು ಸಾವಿರ, ಸ್ಟುಡಿಯೊಗೆ ಮೂರು, ಮಿಕ್ಸಿಂಗ್ ಮತ್ತು ಮಾಸ್ಟರಿಂಗ್‌ಗೆ ಮೂರೂವರೆ ಸಾವಿರ ಡಾಲರ್ ಆಗಿರಬೇಕು. ಹಾಡು ಬರೆದವರು ಸರದಿಯಲ್ಲಿ ತಮ್ಮ ಹಾಡು ಹಾಡುವ ರೈಟರ್ಸ್ ರೌಂಡ್‌ಗಳಲ್ಲಿ ಹದಿನೈದು ಡಾಲರ್‌ಗೆ ಮಾರುವ ಪ್ರತಿ ಸಿ.ಡಿ.ಯಲ್ಲಿ, ಅಚ್ಚಿನ ಖರ್ಚನ್ನೂ ಜೊತೆಗೆ ಬರೆದವರ ರಾಯಲ್ಟಿಯನ್ನೂ ಕಳೆದರೆ, ಹನ್ನೆರಡರ ಆಸುಪಾಸು ನನಗೆ ಉಳಿಯುತ್ತಿದೆ.